ಕಾಲಿಗೆ ಕೆಂಪು ದಾರ ಕಟ್ಟಿದ ಹ್ಯಾಟೆಗಳು

ನನ್ನ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವರೆಲ್ಲ ಏನನ್ನಾದರೂ ಕೇಳಿಕೊಂಡೇ ಬಂದರು. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಕಾರ್ಯ ಮುಗಿದ ಮರುದಿನದಿಂದಲೇ ಹೆಂಗಸರು ಬರತೊಡಗಿದರು. ಒಬ್ಬರು ಹಸಿರು ರವಿಕೆ ಬಟ್ಟೆ ಕೊಟ್ಟಿದ್ದೆ ಎಂದರು, ಇನ್ನೊಬ್ಬರು ಅಳತೆಗೆ ಕೊಟ್ಟ ಹಳೆಯ ರವಿಕೆ ಬೇಕು ಎಂದರು. ಯಾವುದು ಯಾರದೆಂದು ನನಗೆ ಗೊತ್ತಿರಲಿಲ್ಲ. ಗಂಟು ಬಿಚ್ಚಿ ಮುಂದಿಡುತ್ತಿದ್ದೆ, ಅವರು ಆರಿಸಿಕೊಳ್ಳುತ್ತಿದ್ದರು. ನನ್ನ ಅಮ್ಮ ಬಾಗಿಲಲ್ಲಿ ಕೂತು ಅವರ ಕೈಗಳನ್ನೇ ನೋಡುತ್ತಿದ್ದಳು.

"ಆಯಮ್ಮ ತಗೊಂಡೋಗಿದ್ದು ಆಯಮ್ಮಂದಲ್ಲ" ಎಂದು ಅವರು ಗೇಟು ದಾಟಿದ ಮೇಲೆ ಹೇಳುತ್ತಿದ್ದಳು.

"ಮತ್ತೆ ಅವಾಗ್ಲೇ ಯಾಕೆ ಹೇಳ್ಲಿಲ್ಲಮ್ಮ?"

"ಹೇಳಿದ್ರೆ ಜಗಳ ಆಗಲ್ವಾ?"

ಹೀಗೆ ಕೇಳಿ ತೆಗೆದುಕೊಂಡು ಹೋಗುವವರನ್ನೇ ನೋಡಿ ಅಭ್ಯಾಸವಾಗಿದ್ದರಿಂದ, ಸಂಕ್ರಾಂತಿ ಕಳೆದ ಮೇಲೆ ಒಬ್ಬ ಹೆಂಗಸು ಕೊಡಲು ಬಂದಾಗ ನಮಗಿಬ್ಬರಿಗೂ ದಿಗಿಲಾಯಿತು. ಅಂದು ಮಂಗಳವಾರ, ಮರುದಿನ ಅಮಾವಾಸ್ಯೆ. ಹೊತ್ತು ಮುಳುಗುತ್ತಿತ್ತು. ನಮ್ಮೂರು ವಕ್ಕಲೇರಿ ಹೋಬಳಿಯ ಒಂದು ಸಣ್ಣ ಹಳ್ಳಿ. ಆಕೆ ಎರಡು ಬೀದಿ ಆಚೆಯವಳು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಮನೆ. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಎರಡು ಕೈಯಲ್ಲೂ ಎರಡೆರಡು ಕೋಳಿಗಳನ್ನು ಕಾಲು ಹಿಡಿದು ತಲೆಕೆಳಗಾಗಿ ತಂದು ನಮ್ಮ ಅಂಗಳದಲ್ಲಿ ನಿಂತಳು. ನಾಲ್ಕೂ ಹ್ಯಾಟೆಗಳು. ಎಂದರೆ, ಬೆಳೆದು ನಿಂತು ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೆಣ್ಣುಕೋಳಿಗಳು.

"ತಗೋಪ್ಪ, ಇವು ನಿಮ್ಮವು. ನಿಮ್ಮನೆಯವ್ಳ ಪಾಲು" ಎಂದಳು.

ನನ್ನ ಹೆಂಡತಿ ಕೋಳಿಯ ಮಾತನ್ನೇ ನನ್ನೊಡನೆ ಆಡಿದವಳಲ್ಲ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಕೋಳಿಗಳ ಕಾಲನ್ನು ನೋಡುತ್ತಿದ್ದಳು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಆ ಹೆಂಗಸು ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೋಳಿಗಳನ್ನು ನನ್ನ ಕೈಗೆ ತುರುಕಿ, "ಬರ್ತೀನಿ" ಎಂದು ಹೊರಟುಹೋದಳು.

ಆಕೆ ಮರೆಯಾದ ಕೂಡಲೇ ಅಮ್ಮ ಎದ್ದಳು. "ಕಾಲು ನೋಡೋ."

ನಾಲ್ಕಕ್ಕೂ ಎಡಗಾಲಿಗೆ ಕೆಂಪು ದಾರ ಕಟ್ಟಿತ್ತು. ದಾರದ ಸುತ್ತ ಅರಿಶಿನ ಮೆತ್ತಿತ್ತು. ಒಂದರ ರೆಕ್ಕೆಯ ಒಳಗೂ ಅರಿಶಿನದ ಕಲೆಯಿತ್ತು.

"ನೀವಾಳಿಸಿದ ಕೋಳಿ. ಅವಳ ಮಗ ಬೈಕಿಂದ ಬಿದ್ದು ಆಸ್ಪತ್ರೆಲಿದ್ನಲ್ಲ, ಗಡಿ ಆಚೆಯಿಂದ ಯಾರೋ ಮಂತ್ರ ಹಾಕೋರ್ನ ಕರೆಸಿದ್ರು ಅಂತ ಊರೆಲ್ಲ ಹೇಳ್ತಿತ್ತು. ಅವನಿಗೆ ಸುತ್ತಿಸಿ ನಮ್ಮನೆಗೆ ತಂದವ್ಳೆ. ಒದ್ದುರಾ, ಬೇಡ, ಈಗ್ಲೇ ಆಚೆ ಬಿಡು." ಅಮ್ಮನಿಗೆ ಭಯವಾದಾಗ ಮಾತಿನ ನಡುವೆ ತೆಲುಗು ನುಗ್ಗುತ್ತದೆ.

ನಮ್ಮ ಕಡೆ ಕಾಯಿಲೆಯವರ ತಲೆಯ ಸುತ್ತ ಜೀವಂತ ಕೋಳಿಯನ್ನು ನೀವಾಳಿಸಿ ಊರಾಚೆ ಬಿಡುವುದುಂಟು. ಅದನ್ನು ಮನೆಗೆ ತಂದು ಕಟ್ಟಿಕೊಂಡವರಿಗೆ ಆ ಕಾಯಿಲೆ ಹಿಡಿಯುತ್ತದೆ ಎನ್ನುತ್ತಾರೆ. ನಾನು ನರಸಾಪುರದ ಒಂದು ಕಂಪನಿಯ ಸ್ಟೋರಿನಲ್ಲಿ ಕೆಲಸ ಮಾಡುವವನು. ಇಂಥವನ್ನು ನಂಬುವುದಿಲ್ಲ ಎಂದು ಹೇಳಿಕೊಂಡು ಬಂದವನು. ಆದರೂ ಕೋಳಿಗಳನ್ನು ಮೈಯಿಂದ ದೂರಕ್ಕೆ ಹಿಡಿದುಕೊಂಡೆ.

ನನ್ನನ್ನು ಚುಚ್ಚಿದ್ದು ಬೇರೆ. ಪಾಲು ಎಂದಳಲ್ಲ, ಯಾವ ಪಾಲು? ನನ್ನ ಹೆಂಡತಿ ನನಗೆ ಹೇಳದೆ ಏನೇನು ಮಾಡಿದ್ದಳು? ಈ ಪ್ರಶ್ನೆ ಕೋಳಿಗಿಂತ ಮೊದಲೇ ನನ್ನ ಮನೆಯಲ್ಲಿತ್ತು. ಕಾರ್ತಿಕದಲ್ಲಿ ಅವಳನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು, "ಎಷ್ಟು ದಿನದಿಂದ ನೋವಿತ್ತಮ್ಮ?" ಎಂದು ಕೇಳಿದರು. ಅವಳು ನನ್ನನ್ನು ನೋಡಿದಳು, ಆಮೇಲೆ ಗೋಡೆಯ ಕಡೆ ನೋಡಿದಳು. ಉತ್ತರ ಕೊಡಲಿಲ್ಲ. ಮನೆಯಲ್ಲಿ ನಾನು ಕೇಳಿದಾಗಲೆಲ್ಲ ಗ್ಯಾಸ್ಟ್ರಿಕ್ ಎಂದಿದ್ದಳು. ಕಾಯಿಲೆ ಆಗಲೇ ಕೈಮೀರಿತ್ತು. ಹೆಚ್ಚು ದಿನ ಉಳಿಯಲಿಲ್ಲ. ಅಂದಿನಿಂದ ನನಗೆ ಒಂದೇ ಅನುಮಾನ. ತಾನು ಉಳಿಯುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಪಕ್ಕದಲ್ಲಿ ಮಲಗಿದ ನನಗೆ ಹೇಳದೆ ಇದ್ದಳೇ? ಹಾಗಿದ್ದರೆ ಆ ಕೊನೆಯ ತಿಂಗಳುಗಳಲ್ಲಿ ಅವಳು ಆಡಿದ ಯಾವ ಮಾತನ್ನು ನಾನು ನಂಬಬೇಕು? ಯಾರನ್ನಾದರೂ ಕೇಳೋಣವೆಂದರೆ, ಕೇಳಬೇಕಾದವಳೇ ಇಲ್ಲ.

ಕತ್ತಲಾಗಿತ್ತು. ಅಮಾವಾಸ್ಯೆ ಹತ್ತಿರದ ಕತ್ತಲಲ್ಲಿ ನಾಲ್ಕು ಜೀವಗಳನ್ನು ನಾಯಿಗಳ ಪಾಲಿಗೆ ಬಿಡಲು ಮನಸ್ಸು ಬರಲಿಲ್ಲ. ಗೊಬ್ಬರ ಹೊರುವ ದೊಡ್ಡ ಮಂಕರಿಯನ್ನು ಕೋಳಿಗಳ ಮೇಲೆ ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿದೆ. "ಬೆಳಗ್ಗೆ ನೋಡೋಣಮ್ಮ" ಎಂದೆ.

ಬೆಳಗ್ಗೆ ಕಂಪನಿ ಬಸ್ಸಿಗೆ ಹೊತ್ತಾಗಿತ್ತು. ಸಂಜೆ ಬಂದು ನೋಡಿದರೆ ಮಂಕರಿ ಹಾಗೇ ಇತ್ತು. ಅಮ್ಮ ಅದರ ಹತ್ತಿರ ಸುಳಿದಿರಲಿಲ್ಲ. ನುಚ್ಚು ಹಾಕಿದೆ. ತಿನ್ನಲಿಲ್ಲ. ನಾಲ್ಕೂ ಒಂದರ ಕೆಳಗೊಂದು ತಲೆ ತೂರಿಸಿ ಒಂದು ಬದಿಗೆ ಒತ್ತಿಕೊಂಡಿದ್ದವು. ನಾನು ಬಗ್ಗಿದರೆ ಒಂದು ಮಾತ್ರ ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ನನ್ನನ್ನು ದಿಟ್ಟಿಸುತ್ತಿತ್ತು. ಇವನೇನು ಮಾಡಿಯಾನೋ ಎಂಬ ನೋಟ. ನಾನೂ ಅವನ್ನು ಹಾಗೆಯೇ ನೋಡುತ್ತಿದ್ದೆ. ಒಂದು ಸೀನಿದಂತೆ ಮಾಡಿದರೆ ರೋಗವಿರಬೇಕು ಎನಿಸುತ್ತಿತ್ತು. ಸುಮ್ಮನೆ ಕೂತರೆ ಇದೇನು ಹೀಗೆ ಕೂತಿದೆ ಎನಿಸುತ್ತಿತ್ತು. ಇರುವುದರಲ್ಲಿ ಸಣ್ಣದೊಂದಿತ್ತು, ಬೂದುಬಣ್ಣದ್ದು. ಅದು ಮಾತ್ರ ನಾನು ಆ ಕಡೆ ತಿರುಗಿದಾಗ ಎರಡು ಕಾಳು ಕುಕ್ಕಿ, ತಿರುಗಿ ನೋಡಿದರೆ ಏನೂ ತಿಳಿಯದಂತೆ ನಿಂತಿರುತ್ತಿತ್ತು.

ವಾಪಸ್ಸು ಕೊಟ್ಟುಬಿಡೋಣವೆಂದರೆ ಏನೆಂದು ಹೇಳಿ ಕೊಡುವುದು? ಮಂಕರಿಯಡಿಯಲ್ಲಿ ಎಷ್ಟು ದಿನ ಇಡುವುದು? ಕೊನೆಗೆ ಭಾನುವಾರ ರಜೆಯ ದಿನ ಗೂಡು ಕಟ್ಟಲು ಕೂತೆ. ನಮ್ಮ ಕಡೆಯ ಕಂಪನಿಗಳಿಗೆ ಯಂತ್ರಗಳು ಮರದ ಪೆಟ್ಟಿಗೆಗಳಲ್ಲಿ ಬರುತ್ತವೆ, ಆ ಹಲಗೆ ಗುಜರಿಯಲ್ಲಿ ಸಿಗುತ್ತದೆ. ಹಿತ್ತಲಲ್ಲಿ ನಾಲ್ಕು ಸೈಜುಕಲ್ಲುಗಳ ಮೇಲೆ ನೆಲದಿಂದ ಮೊಣಕಾಲೆತ್ತರಕ್ಕೆ ಗೂಡು ನಿಲ್ಲಿಸಿದೆ. ಮೇಲೆ ಒಡೆದ ಸಿಮೆಂಟು ಶೀಟಿನ ತುಂಡು, ಒಳಗೆ ಕೂರಲು ಅಡ್ಡಕ್ಕೊಂದು ನೀಲಗಿರಿ ಕೋಲು, ಕೆಳಗೆ ಬೂದಿ ಮತ್ತು ರಾಗಿ ಹೊಟ್ಟು. ಮುಂಗುಸಿ ತೂರದಂತೆ ಸಂದುಗಳಿಗೆ ತಂತಿ ಬಲೆ. ಸುತ್ತಿಗೆ ಎರಡು ಸಲ ಬೆರಳ ಮೇಲೆ ಬಿತ್ತು. ಕೋಳಿಗಳನ್ನು ಬೈದೆ, ತಂದುಕೊಟ್ಟವಳನ್ನು ಬೈದೆ, ಮೊಳೆ ಹಿಡಿಯದ ಹಲಗೆ ಕೊಟ್ಟ ಗುಜರಿಯವನನ್ನು ಬೈದೆ. ಮುಗಿದ ಮೇಲೆ ನೋಡಿದರೆ, ಹಲಗೆಗಳಲ್ಲಿ 'ಈ ಕಡೆ ಮೇಲೆ' ಎಂದು ತೋರಿಸುವ ಬಾಣದ ಗುರುತುಗಳೆಲ್ಲ ಕೆಳಮುಖವಾಗಿದ್ದವು.

ಕೋಳಿಗಳನ್ನು ಒಳಗೆ ಬಿಡುವಾಗ ಒಂದು ಪದ್ಧತಿಯಿದೆ. ಹೊಸ ಕೋಳಿಯನ್ನು ಮನೆಯ ಒರಳುಕಲ್ಲಿಗೆ ಮೂರು ಸುತ್ತು ಸುತ್ತಿಸಿ ಗೂಡಿಗೆ ಬಿಡಬೇಕು. ಹಾಗೆ ಮಾಡಿದರೆ ಅದು ಹಳೆಯ ಮನೆಯನ್ನು ಮರೆತು ಹೊಸ ಮನೆಗೆ ಹೊಂದಿಕೊಳ್ಳುತ್ತದೆ. ನಾನು ಒರಳಿನ ಕಡೆ ತಿರುಗಿದ್ದೇ ಅಮ್ಮ ಅಡ್ಡ ಬಂದಳು.

"ಸುತ್ತಿಸ್ಬೇಡ ಕಣೋ. ಸುತ್ತಿಸಿದ್ರೆ ಮನೆಗೆ ಅಂಟ್ಕೊಂಡ್ಬಿಡ್ತವೆ."

ಸುತ್ತಿಸಲಿಲ್ಲ. ಹಾಗೇ ಒಳಗೆ ಬಿಟ್ಟೆ. ಕೋಲಿನ ಮೇಲೆ ಕೂರುವುದು ಅವಕ್ಕೆ ತಿಳಿಯದೆ ಹೊಟ್ಟಿನಲ್ಲೇ ಗುಂಪಾಗಿ ಕೂತವು. ಮುಸ್ಸಂಜೆಯಲ್ಲಿ ಒಂದೊಂದನ್ನೇ ಎತ್ತಿ ಕೋಲಿನ ಮೇಲಿಟ್ಟೆ. ಹಿಡಿಯಲು ಬಾರದೆ ಕೈಗೆ ಗೀರಿಸಿಕೊಂಡೆ. ಒಂದನ್ನು ಇಟ್ಟು ಇನ್ನೊಂದನ್ನು ಎತ್ತುವುದರೊಳಗೆ ಮೊದಲನೆಯದು ಇಳಿದಿರುತ್ತಿತ್ತು. ಮಾರನೆಯ ಸಂಜೆಯೂ ಅದೇ ಆಯಿತು. ಮೂರನೆಯ ಸಂಜೆ ಹೋಗಿ ನೋಡಿದರೆ ನಾಲ್ಕೂ ತಾವಾಗಿಯೇ ಕೋಲಿನ ಮೇಲೆ ಸಾಲಾಗಿದ್ದವು. ಇನ್ನು ಪರವಾಗಿಲ್ಲ, ಹೊಂದಿಕೊಂಡವು ಅಂದುಕೊಂಡೆ. ಮರುದಿನ ಕೆಲಸದಿಂದ ಬಂದವನು ಗೂಡಿನ ಬಾಗಿಲು ತೆರೆದೆ. ನಾಲ್ಕೂ ಅಂಜುತ್ತಲೇ ಇಳಿದು, ಕೆದಕುತ್ತ ಕೆದಕುತ್ತ ಬೇಲಿಯ ಕಡೆ ಹೋದವು.

ಹೊತ್ತು ಮುಳುಗಿತು. ಒಂದೂ ಬರಲಿಲ್ಲ.

"ಹೋದ್ವಾ? ಪೀಡೆ ತೊಲಗ್ತು ಬಿಡು" ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಅವಳ ಮುಖ ಹಗುರಾಗಿತ್ತು. ನನಗೆ ಹಾಗಾಗಲಿಲ್ಲ. ಖಾಲಿ ಗೂಡಿನ ಮುಂದೆ ನಿಂತಾಗ, ಪಾಲು ಎಂಬ ಆ ಮಾತು ಮತ್ತೆ ಎದ್ದಿತು. ಕೋಳಿಗಳು ಎಲ್ಲಿಗೆ ಹೋಗಿರಬಹುದೆಂದು ಗೊತ್ತಿತ್ತು. ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಟೆ.

ಆ ಹೆಂಗಸು ಮನೆಯ ಮುಂದೆ ಕೂತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಅವಳ ಹಿಂದಿನ ಮೋಟುಗೋಡೆಯ ಮೇಲೆ ನನ್ನ ನಾಲ್ಕು ಕೋಳಿಗಳೂ ಕೂತಿದ್ದವು.

"ಬಾಪ್ಪ. ನಿನಗಿಂತ ಮುಂಚೆ ನಿನ್ನ ಕೋಳಿ ಬಂದ್ವು. ಎಷ್ಟು ದಿನ ಕೂಡಿ ಹಾಕಿದ್ದೆ?"

"ಗೂಡಲ್ಲಿ ಮೂರೇ ದಿನ ಅಕ್ಕ."

"ಮೂರು ದಿನಕ್ಕೆ ಮದ್ವೆ ಹೆಣ್ಣೇ ತೌರು ಮರೆಯಲ್ಲ, ಕೋಳಿ ಮರೀತದಾ? ವಾರ ಹತ್ತು ದಿನ ಬಾಗ್ಲು ತೆಗೀಬಾರ್ದು. ಒರಳು ಸುತ್ಸಿದ್ರಾ?"

"ಇಲ್ಲ."

"ಯಾಕೆ?"

ಆಕೆ ಸೊಪ್ಪು ಕೆಳಗಿಟ್ಟಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ನನಗನಿಸಿತು.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಕಾಲಿನ ದಾರ ಏನದು? ಅರಿಶಿನ ಯಾಕೆ?"

ಆಕೆಗೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ಮುಖ ಕೆಂಪಾಯಿತು. "ಓಹೋ. ನೀವಾಳಿಸಿದ ಕೋಳಿ ಅಂದ್ಕೊಂಡ್ರಾ? ಅದಕ್ಕೇನಾ ನಿಮ್ಮಮ್ಮ ನನ್ನ ಕೂರು ಅನ್ನದೆ ಇದ್ದಿದ್ದು? ನನ್ನ ಮಗನಿಗೆ ನೀವಾಳಿಸಿದ್ದು ನಿಜ ಕಣಪ್ಪ. ಅದು ಕರೀ ಹುಂಜ. ಆವತ್ತೇ ಕೆರೆ ಆಚೆ ಬಿಟ್ಟು ಬಂದ್ರು. ಹೆಂಡ್ತಿ ಸತ್ತ ಮನೆಗೆ ನನ್ನ ಮಗನ ಪೀಡೆ ತಂದು ಬಿಡೋ ಅಂಥವಳಾ ನಾನು?"

"ನನಗೇನೂ ಗೊತ್ತಿಲ್ಲ ಅಕ್ಕ. ಅವಳು ಕೋಳಿ ವಿಷ್ಯ ನನಗೆ ಹೇಳೇ ಇರ್ಲಿಲ್ಲ."

"ಹೇಳ್ಲಿಲ್ವಾ?" ಆಕೆಯ ದನಿ ಇಳಿಯಿತು. "ಕೂತ್ಕೋ."

ಕೂತೆ. ಆಕೆ ಹೇಳಿದ್ದು ಇಷ್ಟು. ಆಷಾಢ ಕಳೆದ ಮೇಲೆ ನನ್ನ ಹೆಂಡತಿ ಶ್ರೀನಿವಾಸಪುರದ ಕಡೆಯ ತನ್ನ ತವರಿಗೆ ಹೋಗಿ ಬಂದಳಲ್ಲ, ಆಗ ನಾಟಿ ಕೋಳಿಯ ಮೊಟ್ಟೆ ತಂದಿದ್ದಳಂತೆ. ಇವರ ಮನೆಯಲ್ಲಿ ಕಾವಿಗೆ ಕೂತ ಕೋಳಿಯಿತ್ತು. ಮೊಟ್ಟೆ ಒಬ್ಬರದು, ಕಾವು ಇನ್ನೊಬ್ಬರದು, ಮರಿ ಅರ್ಧ ಅರ್ಧ. ಇದನ್ನು ವಾರಕ್ಕೆ ಕೊಡುವುದು ಎನ್ನುತ್ತಾರೆ. ಹೆಂಗಸರು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ವ್ಯವಹಾರ, ಗಂಡಸರ ಕಿವಿಗೆ ಬೀಳುವುದು ಕಡಿಮೆ. ಹದ್ದು, ಬೆಕ್ಕು ತಿಂದು ಎಂಟು ಮರಿ ಉಳಿದವು.

"ಜುಟ್ಟು ಮೂಡಿ ಹೆಣ್ಯಾವುದು ಗಂಡ್ಯಾವುದು ಅಂತ ಗೊತ್ತಾಗೋ ಹೊತ್ತಿಗೆ ಬಂದ್ಲು, ಪಾಲು ಮಾಡ್ಕೊಳ್ಳೋಕೆ. ಬರೋವಾಗ್ಲೇ ಕೈಯಲ್ಲಿ ರವಿಕೆ ಹೊಲಿಯೋ ಕೆಂಪು ದಾರ. ನಾಲ್ಕು ಹ್ಯಾಟೆ ಹಿಡಿದು ಕಾಲಿಗೆ ಕಟ್ಟೇ ಬಿಟ್ಲು. 'ಏನಮ್ಮ, ಹ್ಯಾಟೆ ಎಲ್ಲಾ ನಿನಗೆ, ಹುಂಜ ಎಲ್ಲಾ ನನ್ನ ತಲೆಗಾ?' ಅಂತ ನಾನೂ ಜಗಳ ಆಡಿದೆ. ಹುಂಜ ಆದ್ರೆ ಬೇಗ ಕೈಗೆ ಬರ್ತದೆ, ತಗೋ ಅಂದೆ. ಬೇಡ, ನನಗೆ ಮೊಟ್ಟೆ ಇಡೋವೇ ಬೇಕು, ಕಾಯ್ತೀನಿ ಅಂದ್ಲು."

"ದಾರ ಹೊಸದಾಗೈತಲ್ಲ ಅಕ್ಕ." ನನ್ನ ಅನುಮಾನ ಇನ್ನೂ ಸತ್ತಿರಲಿಲ್ಲ.

"ಕೋಳಿ ಕಾಲು ದಪ್ಪ ಆಗ್ತದಪ್ಪ, ದಾರ ದಪ್ಪ ಆಗ್ತದಾ? ಬಿಗಿದು ಒಂದಕ್ಕೆ ಗಾಯಾನೇ ಆಯ್ತು, ಅದಕ್ಕೇ ಅರಿಶಿನ ಎಣ್ಣೆ. ಅದನ್ನೇ ಎಲ್ಲಕ್ಕೂ ಸವರಿದೆ, ಒಂದು ಒದ್ದಾಡಿ ರೆಕ್ಕೆಗೂ ಮೆತ್ಕೊಂಡ್ತು. ಬಿಚ್ಚಿ ಬಿಚ್ಚಿ ಕಟ್ಟಿದೀನಿ, ಕಿರುಬೆರಳು ತೂರೋ ಅಷ್ಟು ಸಡಿಲ. ಅವಳ ದಾರ ಸಾಲ್ದೆ ಬಂತು. ನನ್ನ ಹತ್ರ ಕೆಂಪುದು ಇನ್ನೆಲ್ಲಿತ್ತು? ಮಗನ ಕೈಗೆ ಕಟ್ಟೋಕೆ ತಂದಿದ್ದ ದೇವಸ್ಥಾನದ ದಾರ ಮಿಕ್ಕಿತ್ತು, ಅದನ್ನೇ ಕಟ್ಟಿದೆ. ಬೇರೆ ಬಣ್ಣ ಕಟ್ಟಿದ್ರೆ, ಗುರುತು ಬದಲಾಯ್ಸಿ ಒಳ್ಳೇ ಕೋಳಿ ತಾನಿಟ್ಕೊಂಡ್ಲು ಅನ್ನಲ್ವಾ ನೀವು?"

ಅನ್ನುತ್ತಿದ್ದೆವು.

"ಆ ಬೂದು ಹ್ಯಾಟೆ ಬೆಳೆದೇ ಇಲ್ಲ ನೋಡು, ಅದರ ಕಾಲಲ್ಲಿ ಇರೋದು ಅವಳು ಕಟ್ಟಿದ್ದೇ."

"ಮಂಗಳವಾರ ಸಂಜೆ ಯಾಕೆ ತಂದ್ರಿ?" ಎಂದು ಕೇಳಿದೆ. ಕೇಳದಿದ್ದರೆ ಅದೊಂದು ಉಳಿಯುತ್ತಿತ್ತು.

"ಮಬ್ಬುಗತ್ತಲಲ್ಲಿ ಹಿಡಿದ್ರೆ ಕೋಳಿ ಗಲಾಟೆ ಮಾಡಲ್ಲ. ಮಂಗಳವಾರ ಅಂತ ನೋಡೋಕೆ ನನಗೆ ಹುಳದ ಕೆಲಸ ಬಿಟ್ಟದಾ?"

ಕೊನೆಗೆ ಕೇಳಲು ಬಂದಿದ್ದನ್ನೇ ಕೇಳಿದೆ. "ಅಕ್ಕ, ಅವಳು ಪಾಲಿಗೆ ಬಂದಿದ್ದು ಯಾವಾಗ?"

"ಮಹಾಲಯ ಅಮಾವಾಸ್ಯೆ ಆಗಿ ಒಂದು ವಾರ ಇರ್ಬೇಕು."

ಆಗ ನೋವು ಶುರುವಾಗಿತ್ತು. ಊಟದ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದ ದಿನಗಳು ಅವು.

"ಹುಷಾರಿಲ್ಲ ಅಂತ ಏನಾದ್ರೂ ಹೇಳಿದ್ಲಾ?"

"ಹೊಟ್ಟೆ ಹಿಡ್ಕೊಂಡು ಕೂತಿದ್ಲು. ಏನಮ್ಮ ಅಂದೆ. ಗ್ಯಾಸ್ಟ್ರಿಕ್ ಅಕ್ಕ, ಹೊತ್ತಿಗೆ ಸರಿಯಾಗಿ ತಿನ್ನಲ್ವಲ್ಲ ಅಂದ್ಲು. ಮರೀನ ಈಗ್ಲೇ ತಗೊಂಡೋಗು ಅಂದ್ರೆ, 'ಗೂಡಿಲ್ಲ ಅಕ್ಕ. ಸಂಕ್ರಾಂತಿ ಕಳೀಲಿ, ನಾನೇ ಬಂದು ಹಿಡ್ಕೊಂಡು ಹೋಗ್ತೀನಿ' ಅಂದ್ಲು."

"ನಾನೇ ಬರ್ತೀನಿ ಅಂದ್ಲಾ? ಹಂಗೇ ಅಂದ್ಲಾ?"

"ಮತ್ತೆ, ನಿನ್ನ ಕಳಿಸ್ತೀನಿ ಅಂತಾಳಾ? ಕೋಳಿ ಹಿಡಿಯೋಕೂ ಬರಲ್ವಂತಲ್ಲ ನಿನಗೆ." ಆಕೆ ನನ್ನ ಗೀರಿದ ಕೈ ನೋಡಿ ನಕ್ಕಳು. "ಗೂಡು ಕಟ್ಟಿಸಮ್ಮ ಮೊದ್ಲು ಅಂದೆ. ಅದಕ್ಕೆ ಏನಂದ್ಲು ಗೊತ್ತಾ? 'ಮೊದ್ಲೇ ಹೇಳಿದ್ರೆ, ಕೋಳಿ ಬೇಡ, ಕೊತ್ತಂಬರಿ ಮಡಿ ಕೆದಕ್ತವೆ ಅಂತಾರೆ. ಕೋಳಿ ತಂದು ಮಂಕ್ರಿ ಕೆಳಗೆ ಇಟ್ಬಿಡ್ತೀನಿ. ನಾಲ್ಕು ದಿನ ನೋಡಿ ಅವ್ರೇ ಕಟ್ತಾರೆ. ಬೈತಾ ಬೈತಾ ಕಟ್ತಾರೆ' ಅಂದ್ಲು."

ನಾನು ತಲೆ ತಗ್ಗಿಸಿದೆ. ನನ್ನ ದುಃಖ ನೋಡಿ ಆ ಹೆಂಗಸು ಏನೋ ಕಟ್ಟಿ ಹೇಳುತ್ತಿರಬಹುದು ಎಂದು ಅಲ್ಲಿಯವರೆಗೆ ಒಂದು ಮನಸ್ಸು ಹೇಳುತ್ತಲೇ ಇತ್ತು. ಈ ಮಾತನ್ನು ಮಾತ್ರ ಯಾರೂ ಕಟ್ಟಿ ಹೇಳಲಾರರು. ಹತ್ತೊಂಬತ್ತು ವರ್ಷ ನನ್ನೊಡನೆ ಬಾಳಿದವಳಿಗಷ್ಟೇ ಅದು ತಿಳಿದಿರಲು ಸಾಧ್ಯ.

ಆಕೆಯೇ ಎದ್ದು ಕೋಳಿ ಹಿಡಿಯುವುದನ್ನು ತೋರಿಸಿಕೊಟ್ಟಳು. ಮೇಲಿನಿಂದ ರೆಕ್ಕೆ ಎರಡನ್ನೂ ಒತ್ತಿ ಹಿಡಿಯಬೇಕು, ಕೈ ಹಿಂಜರಿಯಬಾರದು. ಕೊನೆಯದನ್ನು ನಾನೇ ಹಿಡಿದೆ. ಚೀಲದ ಬಾಯಿ ಸಡಿಲ ಬಿಟ್ಟು ಹೆಗಲಿಗೆ ಹಾಕಿಕೊಂಡೆ.

ದಾರಿಯಲ್ಲಿ ಅನುಮಾನ ಸುಮ್ಮನಿರಲಿಲ್ಲ. ಗೊತ್ತಿದ್ದೇ, ತಾನಿಲ್ಲದ ಮನೆಗೆ ಏನಾದರೂ ಇರಲಿ ಎಂದು ಮಾಡಿದ್ದಾಳೆಯೇ? ಆದರೆ ಹಾಗೆ ಮಾಡುವವಳು ಕಳಿಸಿಕೊಡಿ ಅಕ್ಕ ಎನ್ನುತ್ತಿದ್ದಳು. ನಾನೇ ಬರುತ್ತೇನೆ ಎನ್ನುತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೂ ತಾನಿರುತ್ತೇನೆ ಎಂದುಕೊಂಡೇ ಅವಳು ಆ ದಾರ ಕಟ್ಟಿದ್ದು. ನನ್ನಿಂದ ಮುಚ್ಚಿಟ್ಟಿದ್ದು ಸಾವನ್ನಲ್ಲ, ಕೋಳಿಯನ್ನು. ಡಾಕ್ಟರು ಕೇಳಿದಾಗ ಗೋಡೆ ನೋಡಿದವಳು ಬಹುಶಃ ಆಗಷ್ಟೇ ನೋವಿನ ದಿನಗಳ ಲೆಕ್ಕ ಹಾಕುತ್ತಿದ್ದಳು. ಕೆರೆಕಟ್ಟೆಯ ಹತ್ತಿರ ನಿಂತು ಅತ್ತೆ. ಚೀಲದೊಳಗೆ ಕೋಳಿಗಳು ಕೊಸಕೊಸ ಎಂದವು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ದೇವಸ್ಥಾನದ ದಾರ ಅಂತ ಅವಳೇ ಒಪ್ಕೊಂಡ್ಲಲ್ಲ? ನಾನು ಹೇಳಿದ್ದು ಸುಳ್ಳಾ?" ಎಂದಳು. ಆದರೂ ಎದ್ದು ಹೋಗಿ ಒರಳಿನ ಮೇಲೆ ಹೇರಿದ್ದ ಹಳೆಯ ಚೀಲಗಳನ್ನು ತೆಗೆದಳು. ನಾನು ಒಂದು ಕೋಳಿ ಹಿಡಿದು ಸುತ್ತತೊಡಗಿದೆ.

"ಎಡಕ್ಕಲ್ವೋ, ಬಲಕ್ಕೆ. ಅದೂ ನಾನೇ ಹೇಳ್ಬೇಕಾ?"

ನಾಲ್ಕನ್ನೂ ಬಲಕ್ಕೆ ಸುತ್ತಿಸಿದೆ. ಗೂಡಿಗೆ ಬಿಡುವ ಮುನ್ನ ಬೂದು ಹ್ಯಾಟೆಯನ್ನು ದೀಪದ ಬೆಳಕಿಗೆ ಹಿಡಿದು ನೋಡಿದೆ. ಎರಡೆಳೆ ಹೊಲಿಗೆ ದಾರ, ಮೂರು ಗಂಟು. ಅದೂ ಬಿಗಿಯಾಗತೊಡಗಿತ್ತು, ಕಿರುಬೆರಳು ತೂರುತ್ತಿರಲಿಲ್ಲ. ಹೊಲಿಗೆ ಯಂತ್ರದ ಡ್ರಾಯರನ್ನು ಅವಳು ಹೋದ ಮೇಲೆ ನಾನು ತೆರೆದಿರಲಿಲ್ಲ. ತೆರೆದೆ. ಕತ್ತರಿ ಮೇಲೇ ಇತ್ತು. ಕೆಂಪು ದಾರದ ಉಂಡೆ ಅದರ ಪಕ್ಕದಲ್ಲಿತ್ತು. ಅವಳು ಕಟ್ಟಿದ ಗಂಟನ್ನು ಕತ್ತರಿಸಿದೆ. ಉಂಡೆಯಿಂದ ಎರಡೆಳೆ ಎಳೆದು, ಕಿರುಬೆರಳು ತೂರುವಷ್ಟು ಸಡಿಲವಾಗಿ ಅದೇ ಕಾಲಿಗೆ ಕಟ್ಟಿದೆ.

"ಇನ್ಯಾಕೋ ಗುರುತು? ಎಲ್ಲಾ ನಮ್ಮವೇ ಅಲ್ವಾ?" ಎಂದಳು ಅಮ್ಮ.

"ಇರ್ಲಿ ಬಿಡಮ್ಮ" ಎಂದು ಗೂಡಿನ ಅಗುಳಿ ಹಾಕಿದೆ.